ಒಂದೇ ಬೀದಿಯವರೆಂಬ ತಪ್ಪಿಗೆ

ಕೇಳುಗರಿಗೆ ನಮಸ್ಕಾರ.

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಬೀಟೆ ಮರದ ಇನ್ಲೇ ಕೆಲಸ ಮಾಡುವ ಹಿರಿಯರೊಬ್ಬರಿದ್ದಾರೆ. ಬಣ್ಣಬಣ್ಣದ ಮರದ ಚೂರುಗಳನ್ನು ಚಿತ್ರಕ್ಕೆ ತಕ್ಕಂತೆ ಕೊರೆದು, ಬೀಟೆಯ ಹಲಗೆಯಲ್ಲಿ ಕೂರಿಸಿ, ಉಜ್ಜಿ, ಪಾಲಿಶ್ ಹಚ್ಚುವ ಈ ಕಸುಬು ಅವರ ಮನೆಯಲ್ಲಿ ಮೂರು ತಲೆಮಾರಿನಿಂದ ನಡೆದುಬಂದಿದೆ. ಅವರ ಅಂಗಡಿಯ ಲೆಕ್ಕ ಬರೆಯುವವನು ನಾನು. ಎರಡು ವರ್ಷದ ಹಿಂದೆ ಅವರು ಹೊರದೇಶದ ಒಂದು ಅಂಗಡಿಗೆ ಇಮೇಲ್ ಮೂಲಕ ದರಪಟ್ಟಿ ಕಳುಹಿಸಿದರು, ಅದು ತಲುಪಲಿಲ್ಲ. ಮತ್ತೆ ಕಳುಹಿಸಿದರೆ, ಅರ್ಥವಾಗದ ನಾಲ್ಕು ಸಾಲು ಇಂಗ್ಲಿಷನ್ನು ಹೊತ್ತು ಹಿಂದಕ್ಕೆ ಬಂತು. ತಿಳಿದವರನ್ನು ವಿಚಾರಿಸಿದಾಗ ಕಾರಣ ಗೊತ್ತಾಯಿತು. ಕಡಿಮೆ ಬಾಡಿಗೆಗೆ ಸಿಗುವ ಸರ್ವರಿನಲ್ಲಿ ನೂರಾರು ಸಣ್ಣ ವ್ಯಾಪಾರಿಗಳ ಇಮೇಲ್ ಒಂದೇ ಐಪಿ ವಿಳಾಸದಿಂದ, ಅಂದರೆ ಇಂಟರ್ನೆಟ್ಟಿನಲ್ಲಿ ಆ ಸರ್ವರನ್ನು ಗುರುತಿಸುವ ಒಂದೇ ಸಂಖ್ಯೆಯಿಂದ ಹೊರಡುತ್ತದೆ. ಅವರ ಪೈಕಿ ಯಾರೋ ಒಬ್ಬರು ಸಾವಿರಾರು ಜನರಿಗೆ ಕಸದ ಇಮೇಲ್, ಅಂದರೆ ಯಾರೂ ಕೇಳದ ‘ಸ್ಪ್ಯಾಮ್’ ಪತ್ರ ಕಳುಹಿಸಿದ್ದರು. ಅದರಿಂದಾಗಿ ಆ ವಿಳಾಸವೇ ಕಸ ಕಳುಹಿಸುವ ವಿಳಾಸಗಳ ಕಪ್ಪುಪಟ್ಟಿಗೆ ಸೇರಿ, ಅಲ್ಲಿಂದ ಹೊರಟ ಎಲ್ಲರ ಪತ್ರಗಳೂ ಎದುರಿನ ಬಾಗಿಲಲ್ಲೇ ನಿಂತುಹೋಗಿದ್ದವು.

ನಾನು ಇದನ್ನು ವಿವರಿಸಿದಾಗ ಅವರು ಉಳಿಯನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು: “ಯಾರೋ ಒಬ್ಬ ಮಾಡಿದ್ದಕ್ಕೆ, ಅದೇ ಬೀದಿಯವರು ಅಂತ ನಮ್ಮ ಕಾಗದಾನೂ ಒಳಗೆ ಬಿಡಲಿಲ್ಲ. ಇದು ನಮಗೆ ಹೊಸದಲ್ಲ ಸ್ವಾಮಿ.”

ಅದೇ ತಿಂಗಳು ಅವರು ಮರ ದಾಸ್ತಾನಿಡಲು ಗೋಡೌನ್ ಹುಡುಕುತ್ತಿದ್ದರು. ಫೋನಿನಲ್ಲಿ ಬಾಡಿಗೆ, ಮುಂಗಡ ಎಲ್ಲ ಮಾತಾಗಿ, ಕೊನೆಯಲ್ಲಿ ಹೆಸರು ಕೇಳಿದ ಮೇಲೆ ಮೂವರು ಮಾಲೀಕರು, ಅದನ್ನು ಈಗಾಗಲೇ ಬೇರೆಯವರಿಗೆ ಮಾತು ಕೊಟ್ಟಿದ್ದೇವೆ ಎಂದಿದ್ದರು. ಸಣ್ಣ ವ್ಯಾಪಾರಗಳನ್ನು ಕಸದ ಇಮೇಲ್ ಹೇಗೆ ಹಿಂಡುತ್ತದೆ ಎಂಬುದನ್ನೂ, ಸಂಖ್ಯೆಯಲ್ಲಿ ಕಡಿಮೆ ಇರುವವರ ಬಗ್ಗೆ ನಾವು ಇಟ್ಟುಕೊಳ್ಳುವ ಪೂರ್ವಗ್ರಹವನ್ನೂ ಒಟ್ಟಿಗೆ ಇಟ್ಟು ನೋಡಬೇಕೆಂದು ನನಗೆ ಅನ್ನಿಸಿದ್ದು ಅವರ ಆ ಒಂದು ಮಾತಿನಿಂದ.

ಮೊದಲು ಕಸದ ಇಮೇಲಿನ ಖರ್ಚನ್ನು ನೋಡೋಣ. ಅಂಚೆಯಲ್ಲಿ ಜಾಹೀರಾತಿನ ಕಾಗದ ಕಳುಹಿಸುವವನು ಪ್ರತಿ ಲಕೋಟೆಗೂ ತಾನೇ ಅಂಚೆಚೀಟಿಯ ಹಣ ಕೊಡಬೇಕು. ಇಮೇಲಿನಲ್ಲಿ ಲೆಕ್ಕ ತಿರುಗುಮುರುಗು: ಕಳುಹಿಸುವವನಿಗೆ ಹತ್ತು ಪತ್ರಕ್ಕೂ ಹತ್ತು ಲಕ್ಷ ಪತ್ರಕ್ಕೂ ಖರ್ಚಿನಲ್ಲಿ ಹೆಚ್ಚು ವ್ಯತ್ಯಾಸವಿಲ್ಲ, ಭಾರವೆಲ್ಲ ಪಡೆಯುವವನ ಮೇಲೆ. 1978ರ ಮೇ 3ರಂದು, ಇಂದಿನ ಇಂಟರ್ನೆಟ್ಟಿನ ಪೂರ್ವರೂಪವಾದ ಆರ್ಪಾನೆಟ್ಟಿನಲ್ಲಿ, ಅಮೆರಿಕದ ಗ್ಯಾರಿ ಥ್ಯೂರ್ಕ್ ಎಂಬ ಮಾರಾಟ ಅಧಿಕಾರಿ ತನ್ನ ಕಂಪನಿಯ ಕಂಪ್ಯೂಟರುಗಳ ಪ್ರಚಾರಕ್ಕಾಗಿ ಸುಮಾರು 400 ಜನರಿಗೆ ಯಾರೂ ಕೇಳದ ಪತ್ರವೊಂದನ್ನು ಕಳುಹಿಸಿದ. ಇಂಥ ಪತ್ರಗಳ ಇತಿಹಾಸ ಅಲ್ಲಿಂದಲೇ ಆರಂಭ. ದೊಡ್ಡ ಕಂಪನಿಗಳಲ್ಲಿ ಈ ಕಸ ಗುಡಿಸಲು ಒಂದು ವಿಭಾಗವೇ ಇರುತ್ತದೆ. ಮಂಡ್ಯದ ಬೆಲ್ಲದ ಮಂಡಿಯವರಾಗಲಿ, ಶಿವರಾಂಪೇಟೆಯ ಬಿಡಿಭಾಗದ ಅಂಗಡಿಯವರಾಗಲಿ, ಬಾಗಿಲು ಹಾಕಿ ಊಟ ಮುಗಿಸಿ, ರಾತ್ರಿ ಹತ್ತರ ಮೇಲೆ ತಾವೇ ಕುಳಿತು ಒಂದೊಂದನ್ನೂ ನೋಡಬೇಕು. ಜಿಎಸ್‌ಟಿ ನೋಟಿಸಿನ ವೇಷದಲ್ಲಿ ಬಂದದ್ದು, ತೆರಿಗೆ ಮರುಪಾವತಿಯ ಹೆಸರಿನಲ್ಲಿ ಬಂದದ್ದು, ಎಂದೂ ಕೊಳ್ಳದ ಸರಕಿನ ಬಿಲ್ಲು, ಇಂದೇ ಹಣ ಕಟ್ಟದಿದ್ದರೆ ನಿಮ್ಮ ಜಾಲತಾಣದ ಹೆಸರು ಕೈತಪ್ಪುತ್ತದೆ ಎಂಬ ಬೆದರಿಕೆ ಎಲ್ಲವೂ ಅಲ್ಲಿರುತ್ತವೆ. ಇವೆಲ್ಲಕ್ಕಿಂತ ಅಪಾಯದ್ದು ಇನ್ನೊಂದಿದೆ. ವ್ಯಾಪಾರಿ ಮತ್ತು ಸರಕು ಕೊಡುವವರ ನಡುವಿನ ಪತ್ರಗಳನ್ನು ಕದ್ದು ಓದುತ್ತಾ ಕಾದಿದ್ದು, ಹಣ ಕಟ್ಟುವ ಹೊತ್ತಿಗೆ ಸರಿಯಾಗಿ, ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಹೊಸ ಖಾತೆಗೆ ಹಾಕಿ ಎಂದು ಬರೆಯುವ ಪತ್ರ ಅದು. ಖಾತೆ ಬದಲಾಯಿತೆಂದು ಯಾರೇ ಬರೆದರೂ ಹಣ ಹಾಕುವ ಮೊದಲು ನಿಮಗೆ ಹಳೆಯದಾಗಿ ಗೊತ್ತಿರುವ ಫೋನ್ ಸಂಖ್ಯೆಗೆ ಕರೆ ಮಾಡಿ ಕೇಳಿ. ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ದೂರು ಕೊಡಿ.

ಇಷ್ಟು ಕಸ ಬಂದಾಗ ಸೋಸುವುದು ಅನಿವಾರ್ಯ. ಸೋಸುವ ತಂತ್ರಾಂಶ ಪತ್ರದಲ್ಲಿನ ಪದಗಳನ್ನೂ, ಬಂದ ಜಾಗವನ್ನೂ, ಕಳುಹಿಸಿದವರ ಹಿಂದಿನ ನಡತೆಯನ್ನೂ ನೋಡಿ, ಇದು ಕಸವಾಗಿರುವ ಸಂಭವ ಎಷ್ಟು ಎಂದು ಅಂದಾಜು ಮಾಡುತ್ತದೆ. ಅದರ ಹಿಂದಿರುವ ಒಂದು ಮುಖ್ಯ ಗಣಿತ 18ನೆಯ ಶತಮಾನದ ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್ ಅವರದು. ಅಂದಾಜು ಮಾಡುವುದನ್ನು ತಂತ್ರಾಂಶ ಕಲಿಯುವುದು ನಮ್ಮಿಂದಲೇ. ನಾವು ಯಾವುದನ್ನು ಕಸವೆಂದು ಗುರುತು ಹಾಕುತ್ತೇವೆಯೋ ಅಂಥದ್ದನ್ನು ಅದು ಮುಂದೆ ತಾನಾಗಿಯೇ ಕಸದ ಡಬ್ಬಿಗೆ ಹಾಕುತ್ತದೆ. ನಮ್ಮ ಗುರುತೇ ತಪ್ಪಾಗಿದ್ದರೆ ಅದರ ತೀರ್ಪೂ ತಪ್ಪು.

ಅಂಥ ತಪ್ಪು ಗುರುತನ್ನು ನಾನೇ ಹಾಕಿದ್ದೇನೆ. ಹದಿನಾಲ್ಕು ಹೆಣ್ಣುಮಕ್ಕಳಿಗೆ ಕೆಲಸ ಕೊಟ್ಟು ಅಗರಬತ್ತಿ ಘಟಕ ನಡೆಸುವ ಅಕ್ಕ ಒಬ್ಬರ ಇಮೇಲ್ ಪೆಟ್ಟಿಗೆಯನ್ನು ವಾರಕ್ಕೊಮ್ಮೆ ನಾನು ಚೊಕ್ಕ ಮಾಡಿಕೊಡುತ್ತಿದ್ದೆ. ಒಂದು ದಿನ ನೈಜೀರಿಯಾದ ಲಾಗೋಸಿನಿಂದ ಬಂದ ಪತ್ರ ಕಂಡಿತು. ತೆರೆಯಲಿಲ್ಲ, ಊರಿನ ಹೆಸರು ನೋಡಿಯೇ ಅಳಿಸಿದೆ, ಕಸವೆಂದು ಗುರುತನ್ನೂ ಹಾಕಿದೆ. ನಾಲ್ಕು ತಿಂಗಳಾದ ಮೇಲೆ ಆ ವ್ಯಾಪಾರಿ ಫೋನ್ ಮಾಡಿದರು. ಮೂರು ಬಾರಿ ಬರೆದರೂ ಉತ್ತರ ಬಾರದ್ದರಿಂದ ಬೇರೆ ಊರಿನವರಿಂದ ಸರಕು ತರಿಸಿಕೊಂಡೆವು ಎಂದು ಯಾವ ಸಿಟ್ಟೂ ಇಲ್ಲದೆ ತಿಳಿಸಿದರು. ಮೊದಲ ಪತ್ರ ನಾನು ಅಳಿಸಿದ್ದು. ಉಳಿದೆರಡು ಪತ್ರಗಳು ನನ್ನಿಂದ ಕಲಿತ ಯಂತ್ರ ಪಕ್ಕಕ್ಕೆ ಸರಿಸಿದ್ದು. ದಸರೆಯ ಹೊತ್ತಿಗೆ ಆ ಘಟಕದ ಹೆಣ್ಣುಮಕ್ಕಳಿಗೆ ಸಿಗಬಹುದಾಗಿದ್ದ ಎರಡು ತಿಂಗಳ ಕೆಲಸ ನನ್ನ ಕೈಯಿಂದಲೇ ತಪ್ಪಿತು. ಅಕ್ಕ ನನಗೆ ಬೈಯಲಿಲ್ಲ. ಇವತ್ತಿಗೂ ಅವರ ಮುಖ ನೋಡಿದಾಗ ನನಗೆ ಆ ಪತ್ರ ನೆನಪಾಗುತ್ತದೆ.

ನಾನು ಹಾಗೆ ಮಾಡಿದ್ದು ಏಕೆ? ದೊಡ್ಡ ಮೊತ್ತ ಬಿಡಿಸಿಕೊಳ್ಳಲು ಮೊದಲು ಸ್ವಲ್ಪ ಹಣ ಕಳುಹಿಸಿ ಎನ್ನುವ ವಂಚನೆಯ ಪತ್ರಗಳಿಗೆ ನೈಜೀರಿಯಾದ ಹೆಸರು ಅಂಟಿಕೊಂಡಿದೆ. ಆ ದೇಶದ ದಂಡಸಂಹಿತೆಯಲ್ಲಿ ವಂಚನೆಯನ್ನು ಹೇಳುವ ಕಲಂ 419 ಆದ್ದರಿಂದ, ಜಗತ್ತೇ ಈ ಮೋಸವನ್ನು ‘419’ ಎಂದು ಕರೆಯುತ್ತದೆ. ಆದರೆ ಗಮನಿಸಿ, ಅದು ಅಪರಾಧವೆಂದು ಬರೆದುಕೊಂಡಿರುವುದು ಅದೇ ದೇಶದ ಕಾನೂನು. ಸ್ಪೇನಿನ ಸೆರೆಮನೆಯಲ್ಲಿ ಸಿರಿವಂತನೊಬ್ಬ ಸಿಕ್ಕಿಬಿದ್ದಿದ್ದಾನೆ, ಬಿಡಿಸಲು ಹಣ ಕೊಟ್ಟರೆ ನಿಧಿಯಲ್ಲಿ ಪಾಲು ಕೊಡುತ್ತಾನೆ ಎಂಬ ಇದೇ ಬಗೆಯ ಕಾಗದಗಳು 19ನೆಯ ಶತಮಾನದಲ್ಲೇ ಯುರೋಪು, ಅಮೆರಿಕಗಳಲ್ಲಿ ಓಡಾಡಿದ್ದವು. ಮೋಸಕ್ಕೆ ತವರೂರೆಂಬುದಿಲ್ಲ. 20 ಕೋಟಿಗೂ ಹೆಚ್ಚು ಜನರ ದೇಶವನ್ನು ಕೆಲವು ವಂಚಕರ ಹೆಸರಿನಲ್ಲಿ ನಾನು ಒಂದೇ ಗುಂಡಿ ಒತ್ತಿ ಅಳಿಸಿದೆ. ಜಾರ್ಖಂಡದ ಜಾಮ್ತಾರಾದಿಂದ ನಡೆದ ಫೋನ್ ವಂಚನೆಗಳ ಸುದ್ದಿ ಹಬ್ಬಿದ ಮೇಲೆ, ನಮ್ಮೂರಿಗೆ ದುಡಿಯಲು ಬಂದ ಅಲ್ಲಿನ ಹುಡುಗರನ್ನು ಅನುಮಾನದಿಂದ ನೋಡುವವರನ್ನೂ ನಾನು ಕಂಡಿದ್ದೇನೆ.

ಮನಸ್ಸು ಈ ತಪ್ಪನ್ನು ಹೇಗೆ ಮಾಡುತ್ತದೆ ಎಂಬುದನ್ನು ತೋರಿಸಿದ ಪ್ರಯೋಗವೊಂದಿದೆ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದ ಊರಿದು. ಅವರ ಶಾಸ್ತ್ರದ ಮಾತನ್ನು ಇಲ್ಲಿ ಆಡುವುದು ನನಗೆ ಸಂತೋಷವೇ. 1976ರಲ್ಲಿ ಅಮೆರಿಕದ ಡೇವಿಡ್ ಹ್ಯಾಮಿಲ್ಟನ್ ಮತ್ತು ರಾಬರ್ಟ್ ಗಿಫರ್ಡ್ ಎಂಬ ಸಂಶೋಧಕರು ಎರಡು ಗುಂಪುಗಳ ಜನರ ನಡತೆಯನ್ನು ಹೇಳುವ 39 ವಾಕ್ಯಗಳನ್ನು ಕೆಲವರಿಗೆ ಓದಿಸಿದರು. ದೊಡ್ಡ ಗುಂಪಿನ ಬಗ್ಗೆ 26 ವಾಕ್ಯ, ಅದರಲ್ಲಿ 18 ಒಳ್ಳೆಯ ನಡತೆ, 8 ಕೆಟ್ಟದ್ದು. ಚಿಕ್ಕ ಗುಂಪಿನ ಬಗ್ಗೆ 13 ವಾಕ್ಯ, ಅದರಲ್ಲಿ 9 ಒಳ್ಳೆಯದು, 4 ಕೆಟ್ಟದ್ದು. ಪ್ರಮಾಣ ಎರಡರಲ್ಲೂ ಒಂದೇ. ಹಾಗಿದ್ದರೂ ಓದಿದವರು ಚಿಕ್ಕ ಗುಂಪಿನವರು ನಿಜವಾಗಿ ಮಾಡಿದ್ದಕ್ಕಿಂತ ಹೆಚ್ಚು ಕೆಟ್ಟ ಕೆಲಸಗಳನ್ನು ಅವರ ತಲೆಗೆ ಕಟ್ಟಿದರು. ಅಪರೂಪಕ್ಕೆ ಕಾಣುವ ಜನ, ಅಪರೂಪಕ್ಕೆ ನಡೆಯುವ ಕೆಟ್ಟ ಕೆಲಸ, ಇವೆರಡೂ ಕಣ್ಣಿಗೆ ಎದ್ದು ಕಾಣುವುದರಿಂದ ಮನಸ್ಸು ಅವೆರಡನ್ನೂ ಸೇರಿಸಿ ಗಂಟು ಹಾಕುತ್ತದೆ. ಆ ಗುಂಪುಗಳಿಗೆ ಧರ್ಮವಿರಲಿಲ್ಲ, ಜಾತಿಯಿರಲಿಲ್ಲ, ಬಣ್ಣವಿರಲಿಲ್ಲ. ಅವು ಬರೀ ‘ಎ’ ಮತ್ತು ‘ಬಿ’ ಎಂಬ ಅಕ್ಷರಗಳು. ಹಳೆಯ ದ್ವೇಷದ ಸೋಂಕೇ ಇಲ್ಲದ ಕಡೆ ಮನಸ್ಸು ಇಷ್ಟು ಎಡವುವುದಾದರೆ, ತಲೆಮಾರುಗಳಿಂದ ಕೇಳಿಬಂದ ಮಾತುಗಳೂ ಸೇರಿಕೊಂಡಾಗ ಎಷ್ಟು ಎಡವೀತು, ಯೋಚಿಸಿ.

ಮೈಸೂರು ವಿಶ್ವವಿದ್ಯಾನಿಲಯಕ್ಕೆ ಆಫ್ರಿಕಾದ ದೇಶಗಳಿಂದಲೂ ವಿದ್ಯಾರ್ಥಿಗಳು ಬರುತ್ತಾರೆ. ಅವರಲ್ಲಿ ಒಬ್ಬ ಹುಡುಗ, ಮನೆ ಹುಡುಕಲು ಹೋದಾಗ ತಾನು ಓದುತ್ತಿರುವುದು ಏನೆಂದು ಯಾರೂ ಕೇಳುವುದಿಲ್ಲ ಎಂದು ನನ್ನೊಡನೆ ಹೇಳಿಕೊಂಡಿದ್ದ. ಸಂವಿಧಾನದ 15ನೆಯ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳಗಳ ಆಧಾರದ ಮೇಲೆ ಯಾವ ನಾಗರಿಕನಿಗೂ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳನ್ನು ನಿರಾಕರಿಸಬಾರದೆಂದು ಹೇಳುತ್ತದೆ. ಬಾಡಿಗೆ ಮನೆ, ಬಾಡಿಗೆ ಗೋಡೌನ್ ಆ ಪಟ್ಟಿಯಲ್ಲಿಲ್ಲ. ಅಲ್ಲಿ ಉಳಿಯುವುದು ಮಾಲೀಕರ ಮನಸ್ಸು ಮಾತ್ರ.

ಇನ್ಲೇ ಕೆಲಸದ ಹಿರಿಯರ ಇಮೇಲಿನ ತೊಂದರೆ ನಾಲ್ಕು ದಿನದಲ್ಲಿ ಬಗೆಹರಿಯಿತು. ಸರ್ವರ್ ನಡೆಸುವವರು ಕಸ ಕಳುಹಿಸುತ್ತಿದ್ದ ಗಿರಾಕಿಯನ್ನು ಹೊರಹಾಕಿ, ಕಪ್ಪುಪಟ್ಟಿಯವರಿಗೆ ಬರೆದರು. ಅವರು ಪರಿಶೀಲಿಸಿ ವಿಳಾಸವನ್ನು ಪಟ್ಟಿಯಿಂದ ತೆಗೆದರು. ನಾವೂ ಎಸ್‌ಪಿಎಫ್, ಡಿಕಿಮ್ ಎಂಬ ಗುರುತಿನ ದಾಖಲೆಗಳನ್ನು ಹಾಕಿಸಿದೆವು. ಹೊರಟ ಪತ್ರ ನಿಜವಾಗಿಯೂ ಅದೇ ಅಂಗಡಿಯಿಂದ ಬಂದದ್ದೆಂದು ಎದುರಿನವರು ಪರೀಕ್ಷಿಸಿಕೊಳ್ಳಲು ಅವು ನೆರವಾಗುತ್ತವೆ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಇಂಥ ದಾಖಲೆಗಳ ವಿಷಯದಲ್ಲಿ ನಿಯಮ ಬಿಗಿ ಮಾಡಿರುವುದರಿಂದ, ಸ್ವಂತ ಹೆಸರಿನ ಇಮೇಲ್ ಇರುವ ಸಣ್ಣ ವ್ಯಾಪಾರಿಗಳೆಲ್ಲ ಇದನ್ನು ಮಾಡಿಸಿಕೊಳ್ಳುವುದು ಒಳ್ಳೆಯದು. ದರಪಟ್ಟಿ ತಲುಪಿತು, ಆರು ಫಲಕಗಳಿಗೆ ಬೇಡಿಕೆಯೂ ಬಂತು.

ಆ ದಿನ ಅವರು ನನ್ನನ್ನು ಕೇಳಿದರು: “ಇದಕ್ಕೆ ಅರ್ಜಿ ಹಾಕೋಕೆ ಒಂದು ಜಾಗ ಇತ್ತು. ಆ ಇನ್ನೊಂದು ಪಟ್ಟಿಗೆ ನಾನು ಯಾರಿಗೆ ಬರೀಲಿ ಸ್ವಾಮಿ?”

ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಆ ಮೂವರು ಮಾಲೀಕರಲ್ಲಿ ಒಬ್ಬರ ಲೆಕ್ಕವನ್ನೂ ನಾನೇ ಬರೆಯುತ್ತೇನೆ. ಮರುದಿನವೇ ಅವರ ಬಳಿ ಹೋಗಿ, ಹದಿನೇಳು ವರ್ಷದಿಂದ ಇವರ ಖಾತೆ ನೋಡುತ್ತಿದ್ದೇನೆ, ಒಂದು ಚೆಕ್ಕೂ ಹಿಂದೆ ಬಂದಿಲ್ಲ, ನೀವು ಇವರನ್ನು ಒಮ್ಮೆಯಾದರೂ ಎದುರಿಗೆ ಕೂರಿಸಿಕೊಂಡು ಮಾತನಾಡಿದ್ದೀರಾ ಎಂದು ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಇಲ್ಲ ಎಂದರು. ಸೋಮವಾರ ಕರೆದುಕೊಂಡು ಬನ್ನಿ ಎಂದರು. ಸೋಮವಾರ ಇಬ್ಬರೂ ಹೋದೆವು, ಕಾಫಿ ಕುಡಿದೆವು, ಹಿರಿಯರು ತಾವು ಮಾಡಿದ ಒಂದು ಚಿಕ್ಕ ಫಲಕವನ್ನು ಅವರ ಮೇಜಿನ ಮೇಲಿಟ್ಟು ಮರದ ಹೆಸರುಗಳನ್ನು ಒಂದೊಂದಾಗಿ ಹೇಳಿದರು. ಗೋಡೌನಿನ ಬೀಗದ ಕೈ ಈಗ ಹಿರಿಯರ ಬಳಿ ಇದೆ. ಉಳಿದ ಇಬ್ಬರು ಮಾಲೀಕರನ್ನು ನಾನು ಇನ್ನೂ ನೋಡಬೇಕಾಗಿದೆ.

ನಮಸ್ಕಾರ.