ಒಂದನೇ ಲೇನ್ ಬಿಟ್ಟುಕೊಡಿ

ಕೇಳುಗರಿಗೆ ನಮಸ್ಕಾರ.

ಹೋದ ವರ್ಷ ಡಾಕ್ಟರು ನನಗೆ ದಿನಾ ನಡೆಯಲು ಹೇಳಿದರು. ಪಕ್ಕದ ಮನೆಯ ರಾಯರು ಜೊತೆಯಾದರು. ಇಬ್ಬರೂ ಬೆಳಗ್ಗೆ ಆರಕ್ಕೆ ಊರಿನ ಕ್ರೀಡಾಂಗಣಕ್ಕೆ ಹೋಗಿ, ಟ್ರ್ಯಾಕಿನ ಒಳಗಿನ ಅಂಚು ಹಿಡಿದು, ಹಾಲಿನ ರೇಟಿನಿಂದ ಸೊಸೆಯಂದಿರವರೆಗೆ ಮಾತಾಡುತ್ತಾ ನಡೆಯುತ್ತಿದ್ದೆವು. ಮೂರನೇ ದಿನವೋ ನಾಲ್ಕನೇ ದಿನವೋ ಹಿಂದಿನಿಂದ ಒಂದು ಕೂಗು ಬಂತು, "ಟ್ರ್ಯಾಕ್! ಟ್ರ್ಯಾಕ್!" ಟ್ರ್ಯಾಕಿನ ಮೇಲೇ ಇದ್ದೇವಲ್ಲ, ಇನ್ನೇನು ಬೇಕಂತೆ ಎಂದುಕೊಂಡು ತಿರುಗಿ ನೋಡಿದೆ. ದಾರಿ ಬಿಡಿ ಎನ್ನುವುದಕ್ಕೆ ಓಡುವವರು ಹಾಗೆ ಕೂಗುತ್ತಾರೆಂದು ಆಮೇಲೆ ಗೊತ್ತಾಯಿತು. ರಾಯರು ಎಡಕ್ಕೆ ಹಾರಿದರು, ನಾನು ಬಲಕ್ಕೆ. ಓಡಿ ಬರುತ್ತಿದ್ದ ಹುಡುಗಿಯೂ ಅದೇ ಹೊತ್ತಿಗೆ ಬಲಕ್ಕೆ ಸರಿದಿದ್ದಳು. ಭುಜಕ್ಕೆ ಭುಜ ತಾಗಿತು. ಯಾರೂ ಬೀಳಲಿಲ್ಲ. ಆದರೆ ಅವಳ ಆ ಸುತ್ತು ಹಾಳಾಯಿತು. ವಾಚು ನಿಲ್ಲಿಸಿ, ಸೊಂಟಕ್ಕೆ ಕೈಯಿಟ್ಟು ನಿಂತಳು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ನಾವೇನು ಕೆಟ್ಟವರಲ್ಲ. ರಸ್ತೆಯಲ್ಲಿ ನಿಧಾನ ಹೋಗುವವರು ಎಡಕ್ಕಿರಬೇಕು ಎಂದು ಕಲಿತವರು, ಅದನ್ನೇ ಇಲ್ಲೂ ಮಾಡಿದೆವು. ತಪ್ಪಾಗಿದ್ದೇ ಅಲ್ಲಿ. ಟ್ರ್ಯಾಕಿನಲ್ಲಿ ಎಲ್ಲರೂ ಅಪ್ರದಕ್ಷಿಣೆಯಾಗಿ ಓಡುತ್ತಾರೆ. ಹಾಗಾಗಿ ಎಡಗೈ ಕಡೆ ಬರುವುದೇ ಒಂದನೇ ಲೇನ್. ಸುತ್ತಿಗೆ ಸರಿಯಾಗಿ 400 ಮೀಟರ್ ಇರುವುದು ಅದೊಂದರಲ್ಲೇ. ಸೆಕೆಂಡು ಲೆಕ್ಕ ಹಾಕಿ ಓಡುವವರಿಗೆ ಬೇಕಾದದ್ದು ಅದು. ಅಂದರೆ ಇಲ್ಲಿ ಎಡಗಡೆ ವೇಗದವರದು, ಬಲಗಡೆ ನಮ್ಮಂಥವರದು. ರಸ್ತೆಗೆ ಪೂರಾ ಉಲ್ಟಾ. ಹಿಂದಿಕ್ಕುವುದು ಮಾತ್ರ ರಸ್ತೆಯ ಹಾಗೆಯೇ, ಬಲಗಡೆಯಿಂದ.

ಹೊರಗಿನ ಲೇನಿಗೆ ಹೋದರೆ ನಷ್ಟವೇನೂ ಇಲ್ಲ. ಒಂದೊಂದು ಲೇನಿನ ಅಗಲ 1.22 ಮೀಟರ್. ಹೊರಕ್ಕೆ ಹೋದಷ್ಟೂ ಸುತ್ತು ಉದ್ದವಾಗುತ್ತದೆ. ಎಂಟನೇ ಲೇನಿನ ಒಂದು ಸುತ್ತು ಸುಮಾರು 453 ಮೀಟರ್. ಐದು ಕಿಲೋಮೀಟರಿಗೆ ಒಳಗೆ ಹನ್ನೆರಡೂವರೆ ಸುತ್ತು ಬೇಕು, ಹೊರಗೆ ಹನ್ನೊಂದು ಸಾಕು. ವಾಕಿಂಗಿಗೆ ಬಂದವರಿಗೆ ಇದಕ್ಕಿಂತ ಒಳ್ಳೆ ವ್ಯಾಪಾರ ಎಲ್ಲಿದೆ?

ಇನ್ನೊಂದು ಸಣ್ಣ ಲೆಕ್ಕ. 400 ಮೀಟರನ್ನು ಎಪ್ಪತ್ತು ಸೆಕೆಂಡಿನಲ್ಲಿ ಓಡುವವಳು ಸೆಕೆಂಡಿಗೆ ಆರು ಮೀಟರಿನ ಹತ್ತಿರ ಬರುತ್ತಾಳೆ. ನಾವು ನಡೆಯುವುದು ಒಂದೂವರೆಯೂ ಇಲ್ಲ. ಅವಳು ಇಪ್ಪತ್ತು ಮೀಟರ್ ಹಿಂದಿರುವಾಗ ಕೂಗಿದರೆ ನಮಗೆ ಸಿಗುವುದು ನಾಲ್ಕೈದು ಸೆಕೆಂಡು. ಅಷ್ಟರಲ್ಲಿ ಕೇಳಿಸಿಕೊಳ್ಳಬೇಕು, ಅರ್ಥ ಮಾಡಿಕೊಳ್ಳಬೇಕು, ಎತ್ತ ಸರಿಯುವುದೆಂದು ನಿರ್ಧರಿಸಬೇಕು. ಎರಡೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದರಂತೂ ಮುಗಿಯಿತು. ಕೂಗು ಕೇಳಿದರೆ ಬಲಕ್ಕೆ ಸರಿಯಿರಿ ಎನ್ನುವವರೂ ಇದ್ದಾರೆ. ಪೆಟ್ಟು ತಿಂದವನಾಗಿ ನಾನು ಹೇಳುವುದು ಬೇರೆ. ಹಾರಬೇಡಿ, ತಿರುಗಬೇಡಿ, ಹಿಡಿದ ದಾರಿಯಲ್ಲೇ ನೇರ ಹೋಗಿ. ನೀವು ಎಲ್ಲಿರುತ್ತೀರಿ ಎಂದು ಗೊತ್ತಿದ್ದರೆ ಅವರು ಸುತ್ತಿಕೊಂಡು ಹೋಗುತ್ತಾರೆ.

ಹಾಗಂತ ಓಡುವವರಿಗೆ ಎಲ್ಲಾ ಮಾಫಿ ಅಲ್ಲ. ಮುಂದಿರುವವರ ಬೆನ್ನಿಗೆ ಕಣ್ಣಿಲ್ಲ. ನೋಡಿಕೊಂಡು ಬರಬೇಕಾದವರು ಹಿಂದಿನವರೇ. ದಾಟಿದ ಮೇಲೂ ತಕ್ಷಣ ಒಳಕ್ಕೆ ನುಗ್ಗಬಾರದು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನ ಮಹಿಳೆಯರ 3000 ಮೀಟರ್ ಫೈನಲ್ ಕೆಲವರಿಗೆ ನೆನಪಿರಬಹುದು. ಬರಿಗಾಲಿನ ಓಟಗಾರ್ತಿ ಜೋಲಾ ಬಡ್ ಸ್ವಲ್ಪ ಮುಂದಿದ್ದರು. ಒಳಗಡೆ, ಬೆನ್ನಿಗೇ ಅಂಟಿಕೊಂಡಂತೆ ಅಮೆರಿಕದ ಮೇರಿ ಡೆಕರ್. ಕಾಲಿಗೆ ಕಾಲು ಸಿಕ್ಕಿ ಡೆಕರ್ ಒಳಗಿನ ಹುಲ್ಲಿನ ಮೇಲೆ ಬಿದ್ದರು, ಮತ್ತೆ ಏಳಲಾಗಲಿಲ್ಲ. ಜನ ಬಡ್ ಅವರನ್ನು ಹೀಯಾಳಿಸಿದರು. ಅವರು ಏಳನೆಯವರಾಗಿ ಓಟ ಮುಗಿಸಿದರು. ಮೊದಲು ಅವರನ್ನು ಅನರ್ಹಗೊಳಿಸಿ, ವೀಡಿಯೊ ನೋಡಿದ ಮೇಲೆ ಆ ತೀರ್ಮಾನ ಕೈಬಿಟ್ಟರು. ತಪ್ಪು ಯಾರದು ಎನ್ನುವ ಜಗಳ ಎಷ್ಟೋ ವರ್ಷ ನಡೆಯಿತು. ಒಲಿಂಪಿಕ್ಸಿನಲ್ಲಿ ಅಷ್ಟು ಕಣ್ಣುಗಳ ಮುಂದೆಯೇ ಹೀಗಾದರೆ ನಮ್ಮ ಬೆಳಗಿನ ಮಬ್ಬಿನಲ್ಲಿ ಕೇಳಬೇಕೇ?

ಓಟ ಮುಗಿದ ಕೂಡಲೇ ಅಲ್ಲೇ ಗಕ್ಕನೆ ನಿಂತು ವಾಚು ನೋಡುವವರಿದ್ದಾರೆ, ಹುಡುಗರೇ ಜಾಸ್ತಿ. ದಯವಿಟ್ಟು ನಾಲ್ಕು ಹೆಜ್ಜೆ ನಿಧಾನವಾಗಿ ಮುಂದೆ ಹೋಗಿ, ಹಿಂದೆ ನೋಡಿ, ಆಮೇಲೆ ಹೊರಗೆ ಬನ್ನಿ. ಒಳಗಿನ ಹುಲ್ಲಿಗೆ ಇಳಿಯುವ ಮುಂಚೆಯಂತೂ ತಲೆಯೆತ್ತಿ ನೋಡಲೇಬೇಕು. ಅಲ್ಲಿ ಯಾರಾದರೂ ಜಾವೆಲಿನ್ನೋ ಡಿಸ್ಕಸ್ಸೋ ಎಸೆಯುತ್ತಿರಬಹುದು. ಓಟಗಾರ ಡಿಕ್ಕಿ ಹೊಡೆದರೆ ಭುಜ ನೋಯುತ್ತದೆ. ಜಾವೆಲಿನ್ ಬಂದರೆ ಕಥೆಯೇ ಬೇರೆ.

ಒಂದನೇ ಲೇನಿಗೆ ಅಡ್ಡಲಾಗಿ ಕೋನ್ ಇಟ್ಟಿದ್ದರೆ ತೆಗೆಯಬೇಡಿ. ಎಲ್ಲರೂ ತುಳಿಯುವುದರಿಂದ ಮೊದಲು ಸವೆಯುವುದು ಅದೇ. ಉಗುಳುವ ಅಭ್ಯಾಸದ ಬಗ್ಗೆ ನಾನು ಏನೂ ಹೇಳುವುದಿಲ್ಲ. ಯಾರು ಅಂತ ನಿಮಗೇ ಗೊತ್ತು.

ಒಂದೇ ದಿಕ್ಕಿಗೆ ತಿರುಗಿ ಮಂಡಿ ನೋಯುತ್ತದೆ ಎಂದು ಕೆಲವರು ಉಲ್ಟಾ ಓಡುತ್ತಾರೆ. 1896ರಲ್ಲಿ ಅಥೆನ್ಸಿನ ಮೊದಲ ಆಧುನಿಕ ಒಲಿಂಪಿಕ್ಸಿನಲ್ಲಿ ಎಲ್ಲರೂ ಹಾಗೆಯೇ ಓಡಿದ್ದರು, ಪ್ರದಕ್ಷಿಣೆ ಹಾಕಿದಂತೆ. ಹಾಗಾಗಿ ಅದೇನೂ ಪಾಪವಲ್ಲ. ಟ್ರ್ಯಾಕ್ ಖಾಲಿ ಇರುವಾಗ, ತೀರಾ ಹೊರಗಿನ ಲೇನಿನಲ್ಲಿ ಓಡಿ. ಎದುರಿಗೆ ನಾನೂ ರಾಯರೂ ಬರುತ್ತಿದ್ದರೆ ಮಾತ್ರ ಸ್ವಲ್ಪ ನೋಡಿಕೊಳ್ಳಿ.

ಹೌದು, ನಾವು ಎಂಟನೇ ಲೇನಿಗೆ ಬಂದುಬಿಟ್ಟಿದ್ದೇವೆ. ಮರುದಿನ ಆ ಹುಡುಗಿ ನಮ್ಮನ್ನು ಅಲ್ಲಿ ಕಂಡು, ಓಡುತ್ತಲೇ "ಥ್ಯಾಂಕ್ಸ್ ಅಂಕಲ್" ಎಂದು ಕೈಯೆತ್ತಿ ಹೋದಳು. ರಾಯರಿಗೆ ಮಾತ್ರ ಈಗಲೂ ಒಂದು ಬೇಜಾರಿದೆ. ಮೊದಲು ಹತ್ತು ಸುತ್ತು ಹಾಕಿದೆ ಎಂದು ಮನೆಯಲ್ಲಿ ಹೇಳುತ್ತಿದ್ದರಂತೆ. ಈಗ ಅಷ್ಟೇ ದೂರಕ್ಕೆ ಒಂಬತ್ತೂ ಆಗುವುದಿಲ್ಲ.

ನಮಸ್ಕಾರ.