ಗಂಟೆಯ ಹಗ್ಗ

ಕೇಳುಗರಿಗೆ ನಮಸ್ಕಾರ.

ನಮ್ಮ ಊರು ಕಾರವಾರದ ಹತ್ತಿರ, ಕಾಳಿ ನದಿಯ ದಂಡೆಯಲ್ಲಿದೆ. ಊರಿನ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಗಂಟೆ ಬಾರಿಸುತ್ತಿದ್ದವರನ್ನು ನಾವೆಲ್ಲ ಬಾಪ್ಪು ಎಂದೇ ಕರೆಯುತ್ತಿದ್ದೆವು. 1976ರಲ್ಲಿ ಕಾರವಾರ ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪರ ಆಡಳಿತದ ಪ್ರದೇಶ, ಬೆಳಗಾವಿಯಿಂದ ಬೇರೆಯಾಯಿತಲ್ಲ, ಆಗಲೇ ಆ ಹಗ್ಗ ಅವರ ಕೈಯಲ್ಲಿತ್ತು. ಮೂರು ವರ್ಷದ ಹಿಂದೆ, ಒಂದು ಮಳೆಗಾಲದ ಬೆಳಿಗ್ಗೆ, ಬಾಪ್ಪು ತೀರಿಕೊಂಡರು.

ಸಾವಿನ ಗಂಟೆ ಬಾರಿಸಬೇಕಿತ್ತು. ಬಾರಿಸುವವರೇ ಮಲಗಿಬಿಟ್ಟಿದ್ದರು. ಕೊನೆಗೆ ಒಬ್ಬ ಹುಡುಗ ಹಗ್ಗ ಹಿಡಿದ. ಪಾಪ, ಅವನಿಗೆ ಗೊತ್ತಿದ್ದದ್ದು ಹಬ್ಬದ ಗಂಟೆ ಒಂದೇ. ಢಣಢಣ ಎಂದು ಎಳೆದ. ಮೀನಿನ ಬುಟ್ಟಿ ಹೊತ್ತು ಹೊರಟಿದ್ದ ಹೆಂಗಸೊಬ್ಬಳು ಗೇಟಿನ ಬಳಿ ನಿಂತು, "ಇವತ್ತೆಂತ ಫೆಸ್ತು ಮಾರಾಯ್ರೆ?" ಎಂದು ಕೇಳಿದಳು. ನನಗೆ ಅಳುವೂ ಬಂತು, ನಗುವೂ ಬಂತು.

ನಮ್ಮಲ್ಲಿ ಸಾವಿನ ಗಂಟೆಗೆ ಒಂದು ಹೊಡೆತದ ಸದ್ದು ಪೂರ್ತಿ ಅಡಗಬೇಕು. ಆಮೇಲೆ ಇನ್ನೊಂದು. ಇದನ್ನು ಬಾಪ್ಪು ಎಲ್ಲೂ ಬರೆದಿಟ್ಟಿರಲಿಲ್ಲ. ನಾವು ಕೇಳಿರಲೂ ಇಲ್ಲ.

ಮುಂದಿನ ವರ್ಷ ಇನ್ನೊಂದು ಫಜೀತಿ. ಈಸ್ಟರ್‌ಗೆ ಮುಂಚಿನ ಗರಿಗಳ ಭಾನುವಾರ ಆಶೀರ್ವಾದವಾದ ಗರಿಗಳನ್ನು ಎತ್ತಿಡುತ್ತಾರೆ. ಮರುವರ್ಷ, ಹಣೆಗೆ ಬೂದಿ ಹಚ್ಚುವ ಬೂದಿ ಬುಧವಾರಕ್ಕೆ ಅವನ್ನೇ ಸುಟ್ಟು ಬೂದಿ ಮಾಡುತ್ತಾರೆ. ಬಾಪ್ಪು ಅವನ್ನು ಒಂದು ಗೋಣಿಚೀಲದಲ್ಲಿ ಕಟ್ಟಿ ಕಪಾಟಿನ ಮೇಲೆ ಇಡುತ್ತಿದ್ದರು. ಕ್ರಿಸ್‌ಮಸ್‌ಗೆ ಮುಂಚೆ ನಮ್ಮ ಹುಡುಗರು ಭಾರಿ ಹುಮ್ಮಸ್ಸಿನಿಂದ ಕೋಣೆ ಗುಡಿಸಿದರು. ಒಣ ಕಸ ಎಂದು ಚೀಲವನ್ನೇ ಬಚ್ಚಲ ಒಲೆಗೆ ಹಾಕಿದರು. ಫೆಬ್ರವರಿಯಲ್ಲಿ ಫಾದರ್ ಸ್ಕೂಟರ್ ಹತ್ತಿ, ಪಕ್ಕದ ಊರಿನಿಂದ ಒಂದು ಡಬ್ಬಿ ಬೂದಿ ಕಡ ತಂದರು. ಬೂದಿ ಕಡ ತಂದ ಊರು ಎಂದು ಆ ಕಡೆಯವರು ಈಗಲೂ ಛೇಡಿಸುತ್ತಾರೆ.

ಅವತ್ತು ಹಿರಿಯರೆಲ್ಲ ಹುಡುಗರಿಗೆ ಬೈದರು. ನಾನೂ ಬೈದೆ. ರಾತ್ರಿ ಮಲಗಿದಾಗ ನಾಚಿಕೆಯಾಯಿತು. ಆ ಚೀಲದಲ್ಲಿ ಏನಿದೆ ಎಂದು ಅವರಿಗೆ ಹೇಳಿದ್ದು ಯಾರು?

ನಿಜ ಹೇಳಬೇಕೆಂದರೆ ಬಾಪ್ಪು ಕಲಿಸುವ ಪೈಕಿ ಅಲ್ಲ. ಮಕ್ಕಳು ಹಗ್ಗ ಮುಟ್ಟಿದರೆ ಗದರುತ್ತಿದ್ದರು. ನಾನೇನು ಕಡಿಮೆ? ಹಾಡಿನ ತಂಡದಲ್ಲಿ 30 ವರ್ಷ ಹಾರ್ಮೋನಿಯಂ ಮುಂದೆ ಕೂತೆ. ಯಾರಾದರೂ ಒಂದು ಸ್ವರ ತಪ್ಪಿದರೆ ಅವರ ಕೈ ಸರಿಸಿ ನಾನೇ ನುಡಿಸಿಬಿಡುತ್ತಿದ್ದೆ. ನಮ್ಮ ಹುಡುಗರು ಗೋವೆಗೆ, ಬೆಂಗಳೂರಿಗೆ, ಗಲ್ಫಿಗೆ ಹೋದರು, ನಿಜ. ಆದರೆ ಉಳಿದವರಿಗೆ ನಾವು ಕೊಟ್ಟ ಕೆಲಸ ಯಾವುದು? ಬೆಂಚು ಎತ್ತುವುದು, ಫೆಸ್ತಿಗೆ ಬಣ್ಣದ ಕಾಗದ ಕಟ್ಟುವುದು. ಯಕ್ಷಗಾನದ ಚೆಂಡೆಯವರ ಮನೆಯಲ್ಲೂ ಇಂಥದೇ ಕಥೆ ಇದ್ದೀತು.

ಹುಡುಗಿಯರ ಮಾತಂತೂ ಕೇಳಲೇಬೇಡಿ. ಪೂಜೆಯ ವೇಳೆ ಪೀಠದ ಸೇವೆಗೆ ಹುಡುಗಿಯರೂ ಬರಬಹುದು ಎಂದು ರೋಮ್ 1994ರಲ್ಲೇ ಒಪ್ಪಿತ್ತು. ನಮ್ಮ ಊರು ಒಪ್ಪುವಷ್ಟರಲ್ಲಿ ಇನ್ನೂ 20 ವರ್ಷ ಕಳೆಯಿತು.

ಈಗ ಹಗ್ಗ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳ ಕೈಯಲ್ಲಿದೆ. ತ್ರಿಕಾಲ ಪ್ರಾರ್ಥನೆಯ ಗಂಟೆಯನ್ನು ನಾನೇ ಹೇಳಿಕೊಟ್ಟೆ. ಮೂರು ಹೊಡೆತ, ಆಮೇಲೆ ಒಂದು 'ನಮಾನ್ ಮರಿಯೆ', ಅಂದರೆ ಮರಿಯಮ್ಮನ ಪ್ರಾರ್ಥನೆ, ಹೇಳಿ ಮುಗಿಸುವಷ್ಟು ಹೊತ್ತು ಸುಮ್ನೆ ನಿಲ್ಲಬೇಕು. ಹೀಗೆ ಮೂರು ಸಲ. ಕೊನೆಗೆ ಒಂಬತ್ತು.

ಒಂದು ಸಂಗತಿ ಹೇಳಲು ನಾನೇ ಮರೆತಿದ್ದೆ. ಪವಿತ್ರ ಗುರುವಾರದ ಪೂಜೆಯಲ್ಲಿ ಮಹಿಮೆಯ ಹಾಡು ಮುಗಿದ ಮೇಲೆ, ಈಸ್ಟರ್ ರಾತ್ರಿಯವರೆಗೆ ಗಂಟೆ ಬಾರಿಸುವಂತಿಲ್ಲ. ಬದಲಿಗೆ ಮರದ ಹಲಗೆಯನ್ನು ಕಟಕಟ ಎನ್ನಿಸಬೇಕು. ಬಾಪ್ಪು ಹಲಸಿನ ಮರದಲ್ಲಿ ತಾವೇ ಒಂದನ್ನು ಮಾಡಿಕೊಂಡಿದ್ದರು. ಹುಡುಗಿ ಯಾರನ್ನೂ ಕೇಳದೆ ನೇರ ಅವರ ಮನೆಗೆ ಹೋಗಿ, "ಮಾವ್ಶಿ, ಬಾಪ್ಪುವಿನ ಹಲಗೆ ಇದೆಯಾ?" ಎಂದಳಂತೆ. ಮಾವ್ಶಿ, ಅಂದರೆ ಆ ಮನೆಯ ಹಿರಿಯಾಕೆ, ಮಾಡಿನ ಸಂದಿಯಿಂದ ತೆಗೆದುಕೊಟ್ಟರು. ಅದನ್ನು ಹೇಗೆ ಹಿಡಿಯಬೇಕು ಎಂದು ತೋರಿಸಿಯೂ ಕೊಟ್ಟರು. ಮಾವ್ಶಿಗೂ ಅದು ಗೊತ್ತಿರಬಹುದು ಎಂದು ನಮಗೆ ಹೊಳೆದೇ ಇರಲಿಲ್ಲ.

ಮೊನ್ನೆ ಸಂಜೆ ಆರು ಗಂಟೆಗೆ ಅವಳು ಕೊನೆಯ ಒಂಬತ್ತರ ಬದಲು ಹತ್ತು ಹೊಡೆದಳು. ಅಂಗಳದಲ್ಲಿ ಬಲೆ ಹೆಣೆಯುತ್ತಿದ್ದ ನನ್ನ ತಮ್ಮ ತಲೆ ಎತ್ತಿ, "ಒಂದು ಜಾಸ್ತಿ ಆಯ್ತು, ಅಲ್ವಾ?" ಎಂದ. ಹೌದು ಎಂದೆ. ಎದ್ದು ಹೋಗಲಿಲ್ಲ.

ನಮಸ್ಕಾರ.