ಕ್ರ್ಯಾಶ್: ಒಂದು ಸದ್ದು ಹಿಡಿದು ಹೊರಟ ಮಾತು

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಒಂದು ಪದದ ಬಗ್ಗೆ ಮಾತಾಡುತ್ತೇನೆ. ಕ್ರ್ಯಾಶ್.

ಮೊದಲು ಈ ವಾಕ್ಯ ಕೇಳಿ. ‘ಮಾರ್ಕೆಟ್ ಕ್ರ್ಯಾಶ್ ಆದ ದಿನವೇ ಆಫೀಸಿನ ಸರ್ವರ್ ಕೂಡ ಕ್ರ್ಯಾಶ್ ಆಯಿತು, ಎಲ್ಲ ಸರಿಮಾಡಿ ನಡುರಾತ್ರಿ ಗೆಳೆಯನ ರೂಮಿಗೆ ಹೋಗಿ ಕ್ರ್ಯಾಶ್ ಆದೆ.’ ಅರ್ಥ ಆಯಿತು ಅಲ್ವಾ? ಒಂದೇ ಪದ ಮೂರು ಸಲ ಬಂತು, ಮೂರು ಬೇರೆ ಸಂಗತಿ ಹೇಳಿತು. ಈ ಮೂರರಲ್ಲೂ ಯಾವುದೂ ಯಾವುದಕ್ಕೂ ಡಿಕ್ಕಿ ಹೊಡೆದಿಲ್ಲ. ಡಿಕ್ಕಿಯ ಪದ ಡಿಕ್ಕಿಯೇ ಇಲ್ಲದ ಕಡೆಗೆಲ್ಲ ಹೇಗೆ ಹೋಯಿತು ಅನ್ನುವುದು ನನ್ನನ್ನು ಬಹಳ ದಿನದಿಂದ ಕಾಡಿದ ಪ್ರಶ್ನೆ.

ಈ ಪದ ಹುಟ್ಟಿದ್ದು ಸದ್ದಿನಿಂದ. ಸುಮಾರು 600 ವರ್ಷಗಳ ಹಿಂದೆಯೇ ಇಂಗ್ಲಿಷಿನಲ್ಲಿ ಇತ್ತು. ಗಟ್ಟಿಯಾದದ್ದು ಏನಾದರೂ ಒಡೆದು ಚೂರಾದಾಗ ಕೇಳುವ ಶಬ್ದವನ್ನೇ ಬಾಯಲ್ಲಿ ಹೇಳಿ ಮಾಡಿಕೊಂಡ ಪದ. ನಮಗೂ ಇದು ಹೊಸದಲ್ಲ, ಧಡಾರ್, ಢಮಾರ್, ಧೊಪ್, ಪಟಾರ್ ಅಂತ ಬೇಕಾದಷ್ಟಿವೆ. ಆದರೆ ನಮ್ಮ ಧಡಾರ್ ಸದ್ದಾಗಿಯೇ ಉಳಿಯಿತು. ‘ಧಡಾರನೆ ಬಿತ್ತು’ ಅನ್ನುತ್ತೇವೆ, ಬೀಳುವುದಕ್ಕೆ ಬೇರೆ ಕ್ರಿಯಾಪದ ಬೇಕೇ ಬೇಕು. ಇಂಗ್ಲಿಷಿನಲ್ಲಿ ಸದ್ದೇ ಕ್ರಿಯಾಪದ ಆಯಿತು, ಮುಂದೆ ಸದ್ದು ಕಳೆದುಕೊಂಡೂ ಬದುಕಿತು. ಡ್ರಮ್ಸ್ ಬಾರಿಸುವವರ ಕ್ರ್ಯಾಶ್ ಸಿಂಬಲ್ ಅನ್ನುವ ಲೋಹದ ತಟ್ಟೆಯಲ್ಲಿ ಮೊದಲಿನ ಅರ್ಥ ಈಗಲೂ ಇದೆ. ಅಲ್ಲಿ ಏನೂ ಒಡೆಯುವುದಿಲ್ಲ, ಸದ್ದಷ್ಟೇ.

19ನೇ ಶತಮಾನದಲ್ಲಿ ಇದು ಹಣದ ಲೋಕಕ್ಕೆ ಬಂತು. ಅಲ್ಲಿ ಎಲ್ಲರಿಗೂ ಗೊತ್ತಿರುವ ಉದಾಹರಣೆ 1929ರ ನ್ಯೂಯಾರ್ಕ್. ಅಲ್ಲಿನ ದೊಡ್ಡ ಕಂಪನಿಗಳ ಷೇರು ಬೆಲೆಯ ಏರಿಳಿತ ತೋರಿಸುವ ಡೌ ಜೋನ್ಸ್ ಸೂಚ್ಯಂಕ ಆ ವರ್ಷ ಸೆಪ್ಟೆಂಬರ್ 3ರಂದು 381ರಲ್ಲಿತ್ತು, ಆಮೇಲೆ ಇಳಿಯತೊಡಗಿತು. ಅಕ್ಟೋಬರ್ 28 ಮತ್ತು 29, ಈ ಎರಡೇ ದಿನದಲ್ಲಿ ಉಳಿದಿದ್ದರಲ್ಲಿ ಹತ್ತಿರ ಹತ್ತಿರ ಕಾಲುಭಾಗ ಹೋಗಿ 230ಕ್ಕೆ ಬಂತು. ಆಮೇಲೆ ಏರುತ್ತ, ಇಳಿಯುತ್ತ, ಮತ್ತೆ ಇಳಿಯುತ್ತ 1932ರ ಜುಲೈ ಹೊತ್ತಿಗೆ 41ಕ್ಕೆ ಮುಟ್ಟಿತು. ಹಳೆಯ ಎತ್ತರಕ್ಕೆ ಮರಳಿದ್ದು 1954ರಲ್ಲಿ. ಇಲ್ಲಿ ಸ್ವಲ್ಪ ನಿಂತು ನೋಡಿ. ಜಾಸ್ತಿ ಹಣ ಕರಗಿದ್ದು ನಂತರದ ಮೂರು ವರ್ಷಗಳಲ್ಲಿ, ಆದರೆ ಜಗತ್ತು ಕ್ರ್ಯಾಶ್ ಅಂತ ಕರೆಯುವುದು ಅಕ್ಟೋಬರಿನ ಆ ಕೆಲವೇ ದಿನಗಳನ್ನು. ಅಂದರೆ ಎಷ್ಟು ಬಿತ್ತು ಅನ್ನುವುದಕ್ಕಿಂತ ಎಷ್ಟು ಹೊತ್ತಿನಲ್ಲಿ ಬಿತ್ತು ಅನ್ನುವುದೇ ಈ ಪದದ ಜೀವ. ನಮ್ಮ ‘ಕುಸಿತ’ದಲ್ಲಿ ಇದು ಬರುವುದಿಲ್ಲ. ದಿನಕ್ಕಿಷ್ಟು ಅಂತ ವರ್ಷಗಟ್ಟಲೆ ಇಳಿದರೂ ಕುಸಿತವೇ, 1987ರ ಅಕ್ಟೋಬರ್ 19ರಂದು ಅದೇ ಡೌ ಒಂದೇ ದಿನದಲ್ಲಿ ಶೇ 22.6 ಬಿದ್ದದ್ದೂ ಕುಸಿತವೇ.

ಇನ್ನು ರಸ್ತೆ. ಇಲ್ಲಿ ನನಗೆ ಹೇಳಲಿಕ್ಕೆ ಜಾಸ್ತಿ ಇದೆ.

ವೇಗ ಎರಡು ಪಟ್ಟಾದರೆ ಗಾಡಿಯಲ್ಲಿರುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಗಾಡಿ ನಿಲ್ಲುವಾಗ ಆ ಶಕ್ತಿ ಎಲ್ಲಾದರೂ ಹೋಗಲೇಬೇಕು. ನಿಧಾನಕ್ಕೆ ನಿಂತರೆ ಬ್ರೇಕು ಬಿಸಿಯಾಗುತ್ತದೆ, ತಟ್ಟನೆ ನಿಂತರೆ ಲೋಹ ಮತ್ತು ಮೈ ಎರಡೂ ನಜ್ಜುಗುಜ್ಜಾಗುತ್ತವೆ. ಮೊದಲೆಲ್ಲ ಕಾರು ಗಟ್ಟಿಯಾಗಿದ್ದಷ್ಟೂ ಒಳ್ಳೆಯದು ಅಂತ ನಂಬಿದ್ದರು. ಬೇಲಾ ಬರೇನಿ ಅನ್ನುವ ಎಂಜಿನಿಯರ್ ಉಲ್ಟಾ ಯೋಚಿಸಿದರು: ಜನ ಕೂರುವ ಜಾಗ ಗಟ್ಟಿ ಇರಲಿ, ಮುಂದು ಹಿಂದು ಸುಲಭವಾಗಿ ಮುದುಡಲಿ. 1959ರಲ್ಲಿ ಮರ್ಸಿಡಿಸ್ ಕಾರುಗಳಲ್ಲಿ ಇದು ಮಾರುಕಟ್ಟೆಗೆ ಬಂತು. ಬಾನೆಟ್ ಮುದುಡುವಷ್ಟು ಹೊತ್ತು, ಅಂದರೆ ಸೆಕೆಂಡಿನ ಒಂದು ಚೂರು, ಒಳಗಿರುವವರಿಗೆ ಹೆಚ್ಚಿಗೆ ಸಿಗುತ್ತದೆ. ಜೀವ ಉಳಿಯುವುದು ಆ ಚೂರಿನಲ್ಲಿ.

ರಸ್ತೆಯ ಸಾವುಗಳನ್ನು ಇಂಗ್ಲಿಷಿನಲ್ಲಿ ಬಹಳ ಕಾಲ ‘ಆಕ್ಸಿಡೆಂಟ್’ ಅಂದರು. ಆ ಪದದ ಒಳಗೆ ‘ಯಾರ ಕೈಯಲ್ಲೂ ಇರಲಿಲ್ಲ, ಹಾಗೇ ಆಗಿಹೋಯಿತು’ ಅನ್ನುವ ಭಾವ ಇದೆ. ಬ್ರಿಟಿಷ್ ಮೆಡಿಕಲ್ ಜರ್ನಲ್ 2001ರಲ್ಲಿ ಆ ಪದವನ್ನು ತನ್ನ ಪುಟಗಳಿಂದ ಕೈಬಿಡುವುದಾಗಿ ಬರೆಯಿತು. ಕುಡಿದು ಓಡಿಸಿದ್ದು, ಅತಿವೇಗ, ಕೆಟ್ಟ ತಿರುವು, ಇವೆಲ್ಲ ಮೊದಲೇ ಗೊತ್ತಾಗುವಂಥವು, ತಡೆಯಬಹುದಾದಂಥವು ಅನ್ನುವುದು ಅದರ ಹಿಂದಿನ ಮಾತು. ಅದಕ್ಕೇ ಈಗ ಈ ವಿಷಯದಲ್ಲಿ ಕೆಲಸ ಮಾಡುವವರು ‘ಕ್ರ್ಯಾಶ್’ ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ರಸ್ತೆಯಲ್ಲಿ ಸಾಯುತ್ತಾರೆ. ಇಷ್ಟು ಜನರ ಸಾವನ್ನು ಹಣೆಬರಹ ಅಂತ ಬಿಟ್ಟುಬಿಡಲು ನನ್ನ ಮನಸ್ಸು ಒಪ್ಪುವುದಿಲ್ಲ. ನಮ್ಮ ‘ಅಪಘಾತ’ ನೋಡಿ, ಅದರಲ್ಲಿ ಘಾತ ಇದೆ, ಅಂದರೆ ಹೊಡೆತ. ಆಕಸ್ಮಿಕ ಅನ್ನುವುದು ಆ ಪದದ ಒಳಗಿಲ್ಲ, ಬಳಸುತ್ತ ಬಳಸುತ್ತ ನಾವೇ ಸೇರಿಸಿಕೊಂಡದ್ದು. ಪದ ಸರಿಯಾಗಿಯೇ ಇತ್ತು.

ಕಂಪ್ಯೂಟರಿಗೆ ಬರೋಣ. ಅಲ್ಲೂ ನಿಜವಾದ ಡಿಕ್ಕಿ ಒಂದಿದೆ. ಹಾರ್ಡ್ ಡಿಸ್ಕಿನಲ್ಲಿ ಮಾಹಿತಿ ಓದುವ, ಬರೆಯುವ ಹೆಡ್ಡು ತಿರುಗುವ ತಟ್ಟೆಯ ಮೇಲೆ ಕೂದಲಿಗಿಂತ ಸಾವಿರಾರು ಪಟ್ಟು ಕಡಿಮೆ ಎತ್ತರದಲ್ಲಿ ತೇಲುತ್ತಿರುತ್ತದೆ, ತಟ್ಟೆಗೆ ತಾಗಿ ಕೆರೆಯಿತೋ ಅದು ಹೆಡ್ ಕ್ರ್ಯಾಶ್. ಆದರೆ ಪ್ರೋಗ್ರಾಮ್ ಕ್ರ್ಯಾಶ್ ಆದಾಗ ಏನೂ ತಾಗುವುದಿಲ್ಲ. ಎಷ್ಟೋ ಸಲ ಆಗುವುದು ಇಷ್ಟು: ಪ್ರೋಗ್ರಾಮ್ ತನ್ನದಲ್ಲದ ಮೆಮೊರಿಗೆ ಕೈಹಾಕುತ್ತದೆ, ಆಪರೇಟಿಂಗ್ ಸಿಸ್ಟಮ್ ಅದನ್ನು ಅಲ್ಲೇ ನಿಲ್ಲಿಸುತ್ತದೆ. ಉಳಿದವು ಹಾಳಾಗದಿರಲಿ ಅಂತ. ಹ್ಯಾಂಗ್ ಆಗುವುದೇ ಬೇರೆ, ಅಲ್ಲಿ ಅದು ಸಾಯುವುದೂ ಇಲ್ಲ, ಕೆಲಸ ಮಾಡುವುದೂ ಇಲ್ಲ.

ಈ ಅರ್ಥ ಮತ್ತು ಹಳೆಯ ಅರ್ಥ ಒಂದೇ ಕಡೆ ಸೇರಿದ ದಿನ 1996ರ ಜೂನ್ 4. ಯುರೋಪಿನ ಏರಿಯಾನ್ 5 ರಾಕೆಟ್ಟಿನ ಮೊದಲ ಹಾರಾಟ. ಹಿಂದಿನ ಏರಿಯಾನ್ 4ರಿಂದ ತಂದ ಒಂದು ತುಣುಕು ಪ್ರೋಗ್ರಾಮ್ ಇತ್ತು, ಹಾರಿದ ಮೇಲೆ ಅದರ ಅಗತ್ಯವೇ ಇರಲಿಲ್ಲ. ಹೊಸ ರಾಕೆಟ್ಟಿನ ವೇಗ ಜಾಸ್ತಿ, ಬಂದ ಸಂಖ್ಯೆ ಅದಕ್ಕಿಟ್ಟ 16 ಬಿಟ್ಟಿನ ಜಾಗದಲ್ಲಿ ಹಿಡಿಯಲಿಲ್ಲ. ದಿಕ್ಕು ತಿಳಿಸುವ ಕಂಪ್ಯೂಟರ್ ನಿಂತಿತು. ಜೊತೆಗಿದ್ದ ಇನ್ನೊಂದರಲ್ಲೂ ಅದೇ ಪ್ರೋಗ್ರಾಮ್, ಅದೂ ನಿಂತಿತು. ರಾಕೆಟ್ ತಪ್ಪು ದಿಕ್ಕಿಗೆ ವಾಲಿ ಒಂದು ನಿಮಿಷವೂ ಆಗದೆ ಚೂರಾಯಿತು. ಮೊದಲು ಸದ್ದಿಲ್ಲದ ಕ್ರ್ಯಾಶ್, ಹಿಂದೆಯೇ 600 ವರ್ಷ ಹಳೆಯ ಕ್ರ್ಯಾಶ್.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಕ್ರ್ಯಾಶ್ ಕೋರ್ಸ್, ಕ್ರ್ಯಾಶ್ ಡಯಟ್, ಇಲ್ಲಿ ಏನೂ ಬೀಳುವುದಿಲ್ಲ, ಆತುರ ಒಂದೇ ಉಳಿದಿದೆ. ಶತ್ರು ಕಂಡಾಗ ಸಬ್‌ಮರೀನ್ ಗಡಿಬಿಡಿಯಲ್ಲಿ ಮುಳುಗುವುದಕ್ಕೂ ಕ್ರ್ಯಾಶ್ ಡೈವ್ ಅನ್ನುತ್ತಾರೆ, ಅದು ಬೇಕೆಂದೇ ಮುಳುಗುವುದು. ಕರೆಯದೇ ಪಾರ್ಟಿಗೆ ನುಗ್ಗಿದರೆ ಅದೂ ಕ್ರ್ಯಾಶ್. ಆಸ್ಪತ್ರೆಯಲ್ಲಿ ರೋಗಿಯ ರಕ್ತದೊತ್ತಡ ಒಮ್ಮೆಲೇ ಇಳಿದು ಜೀವಕ್ಕೆ ಅಪಾಯ ಬಂದಾಗಲೂ ಇದೇ ಪದ, ಆಗ ಔಷಧಿ, ಸಲಕರಣೆ ಇಟ್ಟು ತಳ್ಳಿಕೊಂಡು ಓಡಿಬರುವ ಗಾಡಿಯ ಹೆಸರೂ ಕ್ರ್ಯಾಶ್ ಕಾರ್ಟ್.

ಕೊನೆಗೆ ನಿದ್ದೆ. ದಣಿದವರು ಮಲಗುವುದಕ್ಕೆ ಈ ಪದ ಯಾಕೆ? ಮಲಗುವುದಕ್ಕೆ ಒಂದು ಸಿದ್ಧತೆ ಇರುತ್ತದೆ, ಹಾಸಿಗೆ ಹಾಸಬೇಕು, ದೀಪ ಆರಿಸಬೇಕು. ಕ್ರ್ಯಾಶ್ ಆಗುವವರಿಗೆ ಅದ್ಯಾವುದೂ ಇಲ್ಲ, ಅಲ್ಲಿವರೆಗೆ ಓಡುತ್ತಿದ್ದ ಮೈ ಇದ್ದಲ್ಲೇ ನಿಂತುಬಿಡುತ್ತದೆ.

ಹಾಗಾದರೆ ಶುರುವಿನ ವಾಕ್ಯವನ್ನು ಕನ್ನಡಕ್ಕೆ ತರೋಣ. ‘ಷೇರುಪೇಟೆ ನೆಲಕಚ್ಚಿದ ದಿನವೇ ಆಫೀಸಿನ ಸರ್ವರ್ ಕೂಡ ಕೈಕೊಟ್ಟಿತು, ಎಲ್ಲ ಸರಿಮಾಡಿ ನಡುರಾತ್ರಿ ಗೆಳೆಯನ ರೂಮಿಗೆ ಹೋಗಿ ಬಿದ್ದುಕೊಂಡೆ.’ ಕೈಕೊಟ್ಟಿತು, ಬಿದ್ದುಕೊಂಡೆ, ಎರಡೂ ನನಗೆ ಇಷ್ಟ. ನೆಲಕಚ್ಚುವುದರಲ್ಲಿ ಮಾತ್ರ ಆ ತಟ್ಟನೆ ಅನ್ನುವುದು ಪೂರ್ತಿ ಬಂದಿಲ್ಲ. ಅದಕ್ಕಿಂತ ಒಳ್ಳೆಯ ಪದ ನಿಮಗೆ ಹೊಳೆದರೆ ಈಗಲೇ ಹೇಳಿ, ನಾನು ಬರೆದುಕೊಳ್ಳುತ್ತೇನೆ.